ಪಿಕಪ್ ವಾಹನದ ಮುಂಭಾಗ: ಸವೆದ ಸ್ಟೀರಿಂಗ್ ಕೀಲುಗಳು

ಪಿಕಪ್ ವಾಹನದ ಸ್ಟೀರಿಂಗ್ ಚಕ್ರಕ್ಕೂ ನೆಲ ಮುಟ್ಟುವ ಮುಂಗಾಲಿಗಳಿಗೂ ನಡುವೆ ಹಲವಾರು ಕೀಲುಗಳಿರುತ್ತವೆ. ಬಾಲ್ ಜಾಯಿಂಟ್, ಬುಷ್, ಪಿನ್ನು, ಬೇರಿಂಗ್ ಎಂದು ಹೆಸರುಗಳು ಬೇರೆಬೇರೆಯಾದರೂ ಕೆಲಸ ಒಂದೇ: ತಿರುಗಬೇಕಾದ ಕಡೆಗೆ ಸಲೀಸಾಗಿ ತಿರುಗುವುದು, ಉಳಿದ ಯಾವ ಕಡೆಗೂ ಅಲುಗದಿರುವುದು. ಸವೆತ ಕಸಿದುಕೊಳ್ಳುವುದು ಈ ಎರಡನೆಯ ಗುಣವನ್ನು. ಆಗ ಡ್ರೈವರ್ ಸ್ಟೀರಿಂಗ್ ತಿರುಗಿಸಿದರೂ ಗಾಲಿ ತಕ್ಷಣ ತಿರುಗುವುದಿಲ್ಲ. ರಸ್ತೆಯ ಗುಂಡಿ ಗಾಲಿಯನ್ನು ಒಂದು ಬದಿಗೆ ತಳ್ಳಿದರೆ ಅದನ್ನು ತಡೆದು ಹಿಡಿಯುವುದಕ್ಕೂ ಏನೂ ಇರುವುದಿಲ್ಲ. ಗ್ಯಾರೇಜುಗಳಲ್ಲಿ ಈ ಸಡಿಲಕ್ಕೆ ‘ಪ್ಲೇ’ ಎನ್ನುತ್ತಾರೆ.

ಪ್ಲೇ ಒಂದೇ ದಿನದಲ್ಲಿ ಬರುವುದಿಲ್ಲ. ಸಾವಿರಾರು ಕಿಲೋಮೀಟರ್ ಓಟದಲ್ಲಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹೆಚ್ಚುವುದರಿಂದ, ದಿನವೂ ಅದೇ ಗಾಡಿ ಓಡಿಸುವವರ ಕೈ ಅದಕ್ಕೆ ಒಗ್ಗಿಹೋಗುತ್ತದೆ. ನೇರ ರಸ್ತೆಯಲ್ಲೂ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸದಾ ತಿದ್ದುತ್ತಿರಬೇಕಾಗಿದೆ ಎಂಬುದು ಅವರ ಅರಿವಿಗೇ ಬಂದಿರುವುದಿಲ್ಲ. ಬದಲಿ ಡ್ರೈವರ್ ಬಂದು ಕುಳಿತ ದಿನ ಮೊದಲ ತಿರುವಿನಲ್ಲೇ ಅದು ಬಯಲಾಗುತ್ತದೆ.

ಹೆಚ್ಚಿನ ಸರಕು ಪಿಕಪ್‌ಗಳಲ್ಲಿ ಜೋಡಣೆ ಹೀಗಿರುತ್ತದೆ. ಸ್ಟೀರಿಂಗ್ ಕಂಬದ ಕೆಳತುದಿಯಲ್ಲಿ, ಚಾಸಿಗೆ ಬಿಗಿದ ಸ್ಟೀರಿಂಗ್ ಬಾಕ್ಸ್. ಅದರಿಂದ ಹೊರಬಂದ ಶಾಫ್ಟಿಗೆ ಸಿಕ್ಕಿಸಿದ ಡ್ರಾಪ್ ಆರ್ಮ್. ಅಮೆರಿಕದಲ್ಲಿ ಇದನ್ನೇ ಪಿಟ್‌ಮನ್ ಆರ್ಮ್ ಎನ್ನುತ್ತಾರೆ. ಡ್ರಾಪ್ ಆರ್ಮಿನ ತುದಿಯಿಂದ ಗಾಲಿಯ ಕಡೆಗೆ ಡ್ರ್ಯಾಗ್ ಲಿಂಕ್. ಒಂದು ಗಾಲಿಯಿಂದ ಇನ್ನೊಂದಕ್ಕೆ ಟೈ ರಾಡ್. ಪ್ರತಿ ರಾಡಿನ ಎರಡೂ ತುದಿಗೆ ಒಂದೊಂದು ಬಾಲ್ ಜಾಯಿಂಟ್. ಗಾಲಿ ಎಡಬಲಕ್ಕೆ ಹೊರಳುವುದು ಕಿಂಗ್ ಪಿನ್ನಿನ ಮೇಲೆ, ಅಥವಾ ಮೇಲೊಂದು ಕೆಳಗೊಂದು ಬಾಲ್ ಜಾಯಿಂಟಿನ ಮೇಲೆ. ಎರಡು ಮುಂಗಾಲಿಗಳೂ ಸ್ವತಂತ್ರವಾಗಿ ಏರಿಳಿಯುವ ಗಾಡಿಗಳಲ್ಲಿ ಒಂದೇ ಉದ್ದದ ಟೈ ರಾಡ್ ಸಾಲದು. ಅಲ್ಲಿ ನಡುವೆ ರಿಲೇ ರಾಡ್, ಅದರ ಇನ್ನೊಂದು ತುದಿಯನ್ನು ಹೊರುವ ಐಡ್ಲರ್ ಆರ್ಮ್, ಎರಡೂ ಬದಿಗೆ ಗಿಡ್ಡ ಟೈ ರಾಡುಗಳು ಸೇರಿ ಕೀಲುಗಳ ಸಂಖ್ಯೆ ಹೆಚ್ಚುತ್ತದೆ. ರ್‍ಯಾಕ್ ಮತ್ತು ಪಿನಿಯನ್ ಇರುವ ಹೊಸ ಗಾಡಿಗಳಲ್ಲಿ ಕಡಿಮೆ.

ಇವೆಲ್ಲ ಕೊಂಡಿ ಕೊಂಡಿಯಾಗಿ ಒಂದರ ಹಿಂದೊಂದು ಇರುವುದರಿಂದ ಪ್ರತಿ ಕೀಲಿನ ಸಡಿಲವೂ ಮುಂದಿನದಕ್ಕೆ ಕೂಡುತ್ತ ಹೋಗುತ್ತದೆ. ಎಷ್ಟು ಕೂಡುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಗಾಲಿಯನ್ನು ತಿರುಗಿಸುವ ತೋಳಿನ ಉದ್ದ 15 ಸೆಂಟಿಮೀಟರ್, ಸ್ಟೀರಿಂಗಿನ ಅನುಪಾತ 20ಕ್ಕೆ 1, ಸ್ಟೀರಿಂಗ್ ಚಕ್ರದ ವ್ಯಾಸ 40 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಪಿಕಪ್‌ಗೆ ಇವು ಸಾಧಾರಣ ಅಳತೆಗಳು. ಒಂದು ಟೈ ರಾಡ್ ಎಂಡಿನಲ್ಲಿ 1 ಮಿಲಿಮೀಟರ್ ಸಡಿಲವಾದರೆ ಗಾಲಿ ಸುಮಾರು 0.38 ಡಿಗ್ರಿ ಅಲುಗಲು ಜಾಗ ಸಿಗುತ್ತದೆ. ಅದನ್ನು ಸ್ಟೀರಿಂಗ್ ಕಡೆಯಿಂದ ನೋಡಿದರೆ ಏಳೂವರೆ ಡಿಗ್ರಿ, ಅಂದರೆ ಚಕ್ರದ ಅಂಚಿನಲ್ಲಿ ಎರಡೂವರೆ ಸೆಂಟಿಮೀಟರಿಗೂ ಹೆಚ್ಚು. ಅಂಥ ನಾಲ್ಕು ಕೀಲುಗಳಲ್ಲಿ ಒಂದೊಂದು ಮಿಲಿಮೀಟರ್ ಸವೆದಿದ್ದರೆ ಸ್ಟೀರಿಂಗ್ 30 ಡಿಗ್ರಿ ಸುತ್ತಿದರೂ ಗಾಲಿಗೆ ಸುದ್ದಿಯೇ ಮುಟ್ಟುವುದಿಲ್ಲ. ಯಾವ ಕೀಲನ್ನೂ ಬಿಡಿಯಾಗಿ ಹಿಡಿದು ‘ಇದು ಕೆಟ್ಟಿದೆ’ ಎಂದು ಹೇಳಲಾಗದಂಥ ಗಾಡಿ ಒಟ್ಟಾರೆ ಅಪಾಯಕಾರಿಯಾಗಿರುವುದು ಹೀಗೆ.

ಮೂವತ್ತು ಡಿಗ್ರಿ ಎಂಬ ಅಂಕಿ ಭಾರತದ ಕಾನೂನಿನಲ್ಲೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮದ ಪ್ರಕಾರ ಸ್ಟೀರಿಂಗ್ ಚಕ್ರದಲ್ಲಿ 30 ಡಿಗ್ರಿಗಿಂತ ಹೆಚ್ಚು ಸಡಿಲ ಇರಕೂಡದು. ಸ್ಟೀರಿಂಗ್ ಕೊಂಡಿಗಳ ಬಾಲ್ ಜಾಯಿಂಟ್‌ಗಳೆಲ್ಲಕ್ಕೂ ರಬ್ಬರ್ ಟೊಪ್ಪಿ ಇರಬೇಕು. ಬೋಲ್ಟು, ಪಿನ್ನುಗಳಿಂದ ಕೂಡಿಸಿದ ಕಡೆ ಅವು ಕಳಚದಂತೆ ಭದ್ರವಾಗಿ ಲಾಕ್ ಆಗಿರಬೇಕು. ಮೂರೇ ಮಾತಿನ ಈ ನಿಯಮ ವಿಷಯದ ತಿರುಳನ್ನು ಹಿಡಿದಿದೆ. ರಬ್ಬರ್ ಟೊಪ್ಪಿಯ ಮಾತನ್ನು ಕಾನೂನೇ ಆಡಿರುವುದಂತೂ ಮೆಚ್ಚತಕ್ಕದ್ದು, ಸವೆತ ಶುರುವಾಗುವುದು ಬಹುಪಾಲು ಅಲ್ಲಿಂದಲೇ. ಆದರೆ 30 ಡಿಗ್ರಿ ಎಂಬ ಮಿತಿ ಧಾರಾಳವಾಯಿತು. ಅಮೆರಿಕದ ವಾಣಿಜ್ಯ ವಾಹನಗಳ ನಿಯಮದಲ್ಲಿ 16 ಇಂಚಿನ ಸ್ಟೀರಿಂಗ್ ಚಕ್ರಕ್ಕೆ ಪವರ್ ಸ್ಟೀರಿಂಗ್ ಇದ್ದರೆ ಅಂಚಿನಲ್ಲಿ ನಾಲ್ಕೂಕಾಲು ಇಂಚು, ಇಲ್ಲದಿದ್ದರೆ 2 ಇಂಚು ಮಾತ್ರ ಸಡಿಲಕ್ಕೆ ಅವಕಾಶ. ನಾಲ್ಕೂಕಾಲು ಇಂಚು ಎಂದರೆ ಹೆಚ್ಚುಕಡಿಮೆ 30 ಡಿಗ್ರಿಯೇ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಗೆ ಅದರ ಅರ್ಧಕ್ಕೂ ಕಡಿಮೆ. ಎರಡೂ ಬಗೆಯ ಗಾಡಿಗೆ ಒಂದೇ ಅಳತೆಗೋಲು ಇಟ್ಟಿರುವ ಭಾರತದ ನಿಯಮವನ್ನು ಕೊನೆಯ ಗಡಿ ಎಂದು ತಿಳಿಯಬೇಕೇ ಹೊರತು ಆರೋಗ್ಯದ ಲಕ್ಷಣವೆಂದಲ್ಲ. ಒಳ್ಳೆಯ ಮೆಕ್ಯಾನಿಕ್ ಅಂಚಿನಲ್ಲಿ ಒಂದು ಇಂಚು ದಾಟಿದ ಕೂಡಲೇ ಗಾಡಿಯ ಕೆಳಗೆ ಮಲಗುತ್ತಾನೆ.

ಗಾಲಿಗಳನ್ನು ಕೀಲಿನ ಮೇಲೆ ಬಿಡಿಬಿಡಿಯಾಗಿ ಹೊರಳಿಸುವ ಉಪಾಯ ಮೋಟಾರು ವಾಹನಕ್ಕಿಂತ ಹಳೆಯದು. ಮ್ಯೂನಿಕ್‌ನಲ್ಲಿ ಗಾಡಿ ಕಟ್ಟುತ್ತಿದ್ದ ಗೇಯೋರ್ಗ್ ಲಾಂಕೆನ್‌ಸ್ಪೆರ್ಗರ್ 1817ರಲ್ಲಿ ಕುದುರೆ ಸಾರೋಟಿಗಾಗಿ ಇದನ್ನು ರೂಪಿಸಿದ. ಲಂಡನ್ನಿನಲ್ಲಿ ಅವನ ಪ್ರತಿನಿಧಿಯಾಗಿದ್ದ ರುಡಾಲ್ಫ್ ಆಕರ್‌ಮನ್ 1818ರಲ್ಲಿ ಪೇಟೆಂಟ್ ಪಡೆದ. ಜಗತ್ತಿನ ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಉಳಿದುಕೊಂಡದ್ದು ಆಕರ್‌ಮನ್ನನ ಹೆಸರು. ಮೋಟಾರು ಟ್ರಕ್ಕುಗಳು ಬಂದ ಮೇಲೂ ಬಹುಕಾಲ ಅವುಗಳ ಮುಂಭಾಗವೆಂದರೆ ಇಡಿಯಾದ ಒಂದು ಆಕ್ಸಲ್, ಅದರ ಎರಡು ತುದಿಗೆ ಕಿಂಗ್ ಪಿನ್. ಅಮೆರಿಕದಲ್ಲಿ ಷೆವ್ರೊಲೆ ಪಿಕಪ್‌ಗಳಿಗೆ 1960ರಲ್ಲಿ ಟಾರ್ಷನ್ ಬಾರ್ ಇರುವ ಸ್ವತಂತ್ರ ಮುಂಭಾಗ ಬಂತು. ಫೋರ್ಡ್ 1965ರಲ್ಲಿ ಎರಡು ತೊಲೆಗಳನ್ನು ಒಂದರ ಪಕ್ಕ ಒಂದಿಟ್ಟು ಪ್ರತಿ ಗಾಲಿಗೂ ತನ್ನದೇ ಆಕ್ಸಲ್ ಕೊಟ್ಟ ‘ಟ್ವಿನ್ ಐ ಬೀಮ್’ ತಂದಿತು. ಗಟ್ಟಿತನಕ್ಕೆ ಹೆಸರಾಗಿದ್ದ ಆ ವಿನ್ಯಾಸ ಎಫ್-150ರಲ್ಲಿ 1996ರ ಮಾದರಿಯವರೆಗೂ ಉಳಿಯಿತು.

ಭಾರತದ ಪಿಕಪ್ ಪರಂಪರೆಯ ಒಂದು ಮುಖ್ಯ ಬೇರು ವಿಲ್ಲಿಸ್ ಜೀಪಿನಲ್ಲಿದೆ. ಮಹೀಂದ್ರ ಸಂಸ್ಥೆ ಮುಂಬೈಯಲ್ಲಿ 1940ರ ದಶಕದ ಕೊನೆಯಲ್ಲಿ ಅದರ ಬಿಡಿಭಾಗಗಳನ್ನು ತರಿಸಿ ಜೋಡಿಸಲು ಆರಂಭಿಸಿತು. ಆ ಜೀಪಿನ ಸ್ಟೀರಿಂಗಿನಲ್ಲಿ ಬಾಕ್ಸಿನಿಂದ ಬಂದ ಡ್ರ್ಯಾಗ್ ಲಿಂಕ್ ನೇರವಾಗಿ ಗಾಲಿಗೆ ಹೋಗುತ್ತಿರಲಿಲ್ಲ. ನಡುವೆ ಬೆಲ್ ಕ್ರ್ಯಾಂಕ್ ಎಂಬ ಸಣ್ಣ ತಿರುಗುತೋಳಿತ್ತು, ಅಲ್ಲಿಂದ ಎಡಕ್ಕೂ ಬಲಕ್ಕೂ ಒಂದೊಂದು ಟೈ ರಾಡ್. ಆ ತೋಳು ಕುಳಿತ ಪಿನ್ನು ಸವೆದರೆ ಉಳಿದೆಲ್ಲ ಹೊಸದಿದ್ದರೂ ಜೀಪು ರಸ್ತೆಯ ತುಂಬ ಓಲಾಡುತ್ತಿತ್ತು. ಕೊಡಗು, ಸಕಲೇಶಪುರದ ಕಾಫಿ ತೋಟಗಳಲ್ಲಿ ಹಳೆ ಜೀಪುಗಳನ್ನು ಜೋಪಾನ ಮಾಡಿಕೊಂಡು ಬಂದ ಮೆಕ್ಯಾನಿಕ್‌ಗಳಿಗೆ ಈ ಪಿನ್ನು ಚೆನ್ನಾಗಿ ಗೊತ್ತು.

ಸವೆತದ ಕಾರಣಗಳಲ್ಲಿ ಮೊದಲನೆಯದು ಗ್ರೀಸಿನ ಕೊರತೆ. ಬಾಲ್ ಜಾಯಿಂಟಿನ ಒಳಗೆ ಹೊಳಪು ಕೊಟ್ಟ ಉಕ್ಕಿನ ಗುಂಡು ಪ್ಲಾಸ್ಟಿಕ್ ಅಥವಾ ಲೋಹದ ಬಟ್ಟಲಿನಲ್ಲಿ ಗ್ರೀಸಿನ ತೆಳುಪದರದ ಮೇಲೆ ತಿರುಗುತ್ತಿರುತ್ತದೆ. ಹೊರಗಿನ ರಬ್ಬರ್ ಟೊಪ್ಪಿ, ಅಂದರೆ ಬೂಟ್, ಒಮ್ಮೆ ಹರಿದರೆ ಗ್ರೀಸ್ ಹೊರಹೋಗಿ ನೀರು, ಮಣ್ಣು ಒಳಬರುತ್ತವೆ. ಮಣ್ಣು ಬೆರೆತ ಗ್ರೀಸ್ ಉಜ್ಜುಪುಡಿಯಂತೆ ಗುಂಡನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಕೆಸರು, ಬೇಸಗೆಯಲ್ಲಿ ಬಯಲುಸೀಮೆಯ ದೂಳು ಎರಡೂ ಈ ಕೆಲಸಕ್ಕೆ ಸಾಕು. ಗ್ರೀಸ್ ನಿಪ್ಪಲ್ ಇರುವ ಕೀಲುಗಳಲ್ಲಿ ಗ್ರೀಸ್ ಹೊಡೆದು ಹಳೆಯದನ್ನು ಹೊರದೂಡಬಹುದು. ಈಚಿನ ಗಾಡಿಗಳ ಅನೇಕ ಕೀಲುಗಳು ಕಾರ್ಖಾನೆಯಲ್ಲೇ ಮುಚ್ಚಿ ಬಂದವು, ಅವಕ್ಕೆ ನಿಪ್ಪಲ್ ಇಲ್ಲ. ಬೂಟ್ ಹರಿಯಿತೆಂದರೆ ಅವುಗಳ ಆಯುಷ್ಯ ಮುಗಿಯುತ್ತ ಬಂತೆಂದೇ ಲೆಕ್ಕ.

ಎರಡನೆಯ ಕಾರಣ ಭಾರ. ಕೋಲಾರದ ಟೊಮೆಟೊ ಮಾರುಕಟ್ಟೆಗೆ ಕ್ರೇಟು ಹೊತ್ತು ಬರುವ, ಶಿರಾಡಿ ಚಾರ್ಮಾಡಿ ಘಾಟಿಗಳಲ್ಲಿ ಸರಕು ಹೊತ್ತು ಹತ್ತಿಳಿಯುವ ಪಿಕಪ್‌ಗಳ ದುಡಿಮೆ ಕಾರಿನದಕ್ಕಿಂತ ಬೇರೆ. ಓವರ್‌ಲೋಡ್ ಆದಾಗ ಹೊರೆ ಬೀಳುವುದು ಹಿಂದಿನ ಆಕ್ಸಲ್ ಮೇಲಲ್ಲವೇ, ಮುಂಭಾಗಕ್ಕೇನು ತೊಂದರೆ ಎಂದು ಕೇಳುವವರಿದ್ದಾರೆ. ಹಿಂಭಾಗ ಕುಸಿದಾಗ ಮುಂಗಾಲಿಗಳ ಹೊರಳು ಅಕ್ಷ ಹಿಂದಕ್ಕೆ ವಾಲುತ್ತದೆ. ಕ್ಯಾಸ್ಟರ್ ಎನ್ನುವ ಈ ಕೋನ ಹೆಚ್ಚಾದಂತೆ ಸ್ಟೀರಿಂಗ್ ಒರಟಾಗುತ್ತದೆ, ಸಡಿಲ ಕೀಲುಗಳಿದ್ದರೆ ಗಾಲಿಗಳು ಪಟಪಟನೆ ಅದುರುವ ಚಾಳಿಯೂ ಹೆಚ್ಚುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಅದೇ ಭಾರ ಮುಂದಕ್ಕೆ ನುಗ್ಗಿ, ಹೇರ್‌ಪಿನ್ ತಿರುವಿನಲ್ಲಿ ಪೂರ್ತಿ ತಿರುಗಿದ ಗಾಲಿಗಳ ಕೆಳ ಬಾಲ್ ಜಾಯಿಂಟಿನ ಮೇಲೋ ಕಿಂಗ್ ಪಿನ್ ಬುಷ್‌ನ ಮೇಲೋ ಬೀಳುತ್ತದೆ.

ಮೂರನೆಯದು ನಿಂತಲ್ಲೇ ಸ್ಟೀರಿಂಗ್ ತಿರುಗಿಸುವ ಅಭ್ಯಾಸ. ಇದು ಸಣ್ಣ ಸಂಗತಿಯಲ್ಲ ಎಂಬುದಕ್ಕೆ ದೊಡ್ಡ ಉದಾಹರಣೆಯೇ ಇದೆ. ಟೊಯೊಟಾ ಸಂಸ್ಥೆ 2004ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಹೈಲಕ್ಸ್ ಬಗೆಯ ವಾಹನಗಳನ್ನು ವಾಪಸು ಕರೆಸಿತು. ನಿಂತ ಗಾಡಿಯ ಸ್ಟೀರಿಂಗನ್ನು ಜೋರಾಗಿ ಮತ್ತೆ ಮತ್ತೆ ತಿರುಗಿಸಿದಾಗ ರಿಲೇ ರಾಡಿನಲ್ಲಿ ಸೂಕ್ಷ್ಮ ಬಿರುಕು ಮೂಡಿ, ಕೊನೆಗೆ ರಾಡ್ ಮುರಿಯಬಹುದು ಎಂಬುದು ಕಾರಣ. ಅದೇ ರಾಡ್ ಇದ್ದ ಅಮೆರಿಕದ ಪಿಕಪ್‌ಗಳ ವಾಪಸಾತಿ ಆದದ್ದು 2005ರಲ್ಲಿ, ಸುಮಾರು ಹತ್ತು ಲಕ್ಷ ವಾಹನಗಳಿಗೆ. ನಡುವಣ ವಿಳಂಬವನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತ ಕೆದಕಿ ನೋಡಿತು. 2010ರ ಡಿಸೆಂಬರಿನಲ್ಲಿ ಟೊಯೊಟಾ ಈ ಒಂದು ವಿಷಯಕ್ಕೇ 1.6 ಕೋಟಿ ಡಾಲರಿಗೂ ಹೆಚ್ಚು ದಂಡ ಕಟ್ಟಲು ಒಪ್ಪಿತು. ಗಾಡಿ ತುಸು ಉರುಳುತ್ತಿರುವಾಗ ಸ್ಟೀರಿಂಗ್ ತಿರುಗಿಸಿದರೆ ರಾಡಿನ ಮೇಲೆ ಬೀಳುವ ಬಲ ಬಹಳಷ್ಟು ಇಳಿಯುತ್ತದೆ. ಹಳೆಯ ಡ್ರೈವರುಗಳು ಹೊಸ ಹುಡುಗರಿಗೆ ಹೇಳಿಕೊಡುವ ಈ ಪಾಠದ ಹಿಂದೆ ಗಟ್ಟಿಯಾದ ಕಾರಣವಿದೆ.

ಸವೆತದ ಲಕ್ಷಣಗಳು ಹಲವು. ತಗ್ಗು ದಾಟುವಾಗ ಮುಂದೆ ‘ಟಕ್’ ಎನ್ನುವ ಸದ್ದು. ಬ್ರೇಕ್ ಒತ್ತಿದಾಗ ಒಂದು ಬದಿಗೆ ಎಳೆತ. ಟೈರಿನ ಒಂದೇ ಅಂಚು ಬೋಳಾಗುವುದು, ಅಥವಾ ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡ ಸವರಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದಕ್ಕೆ ಗರಗಸದಂತೆ ಒರಟು. ತಿರುವು ಮುಗಿದ ಮೇಲೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಬಾರದಿದ್ದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ ಒಣಗಿ ಬಿಗಿದಿರಬಹುದು. ಸವೆತವೆಂದರೆ ಸಡಿಲ ಮಾತ್ರವಲ್ಲ, ಬಿಗಿತವೂ ಹೌದು.

ಎಲ್ಲಕ್ಕಿಂತ ಭಯ ಹುಟ್ಟಿಸುವುದು ವಾಬ್ಲಿಂಗ್. ಫ್ರಾನ್ಸಿನ ಎಂಜಿನಿಯರ್ ಜಾರ್ಜ್ ಬ್ರೂಲ್ಯೆ 1925ರಲ್ಲೇ ಮುಂಗಾಲಿಗಳ ಈ ಅದುರಾಟವನ್ನು ಅಭ್ಯಾಸ ಮಾಡುತ್ತ, ಟೈರು ತಾನು ನೋಡುವ ದಿಕ್ಕಿಗೂ ನಿಜಕ್ಕೂ ಸಾಗುವ ದಿಕ್ಕಿಗೂ ಕಿರುಕೋನವೊಂದು ಇರುತ್ತದೆ ಎಂಬುದನ್ನು ಗುರುತಿಸಿದ. ವಾಹನದ ಚಲನೆಯನ್ನು ಲೆಕ್ಕ ಹಾಕುವ ಇಡೀ ಶಾಸ್ತ್ರಕ್ಕೆ ಆ ಕೋನ ಅಡಿಪಾಯವಾಯಿತು. ಅಮೆರಿಕದ ಭಾರಿ ಪಿಕಪ್‌ಗಳಲ್ಲಿ, ಇಡಿಯಾದ ಮುಂದಿನ ಆಕ್ಸಲ್ಲನ್ನು ಕಾಯಿಲ್ ಸ್ಪ್ರಿಂಗ್ ಹೊತ್ತಿರುವ ಕಡೆ, ವಾಬ್ಲಿಂಗ್ ತನ್ನ ಉಗ್ರರೂಪ ತೋರುತ್ತದೆ. ಅಲ್ಲಿನವರು ಅದನ್ನು ‘ಡೆತ್ ವಾಬಲ್’ ಎಂದೇ ಕರೆಯುತ್ತಾರೆ. ಹೆದ್ದಾರಿಯ ವೇಗದಲ್ಲಿ ಸೇತುವೆಯ ಜೋಡಣೆಯಂಥ ಒಂದು ಏಟು ಬಿದ್ದರೆ ಸಾಕು, ಮುಂಗಾಲಿಗಳೆರಡೂ ಎಡಬಲಕ್ಕೆ ಹೊಡೆದುಕೊಳ್ಳತೊಡಗಿ, ವೇಗ ಇಳಿಸುವವರೆಗೆ ನಿಲ್ಲುವುದೇ ಇಲ್ಲ. ಕಾಯಿಲ್ ಸ್ಪ್ರಿಂಗಿಗೆ ಆಕ್ಸಲ್ಲನ್ನು ಪಕ್ಕಕ್ಕೆ ಜಾರದಂತೆ ಹಿಡಿಯುವ ಶಕ್ತಿಯಿಲ್ಲ. ಆ ಕೆಲಸ ಟ್ರ್ಯಾಕ್ ಬಾರ್ ಎಂಬ ಒಂದೇ ಅಡ್ಡರಾಡಿನದು. ಅದರ ಬುಷ್ ಸವೆದರೆ ಆಕ್ಸಲ್ ತುಸು ಪಕ್ಕಕ್ಕೆ ಸರಿಯುತ್ತದೆ. ಡ್ರ್ಯಾಗ್ ಲಿಂಕಿನ ಒಂದು ತುದಿ ಚಾಸಿಗೆ ಬಿಗಿದ ಬಾಕ್ಸಿನಲ್ಲಿರುವುದರಿಂದ ಆ ಸರಿತವೇ ಗಾಲಿಯನ್ನು ತಿರುಗಿಸುತ್ತದೆ. ತಿರುಗಿದ ಗಾಲಿ ಆಕ್ಸಲ್ಲನ್ನು ಮತ್ತೆ ತಳ್ಳುತ್ತದೆ. ಫೋರ್ಡಿನ ಎಫ್-250 ಮತ್ತು ಎಫ್-350 ಪಿಕಪ್‌ಗಳ ಈ ದೂರಿನ ಮೇಲೆ 2019ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಾಮೂಹಿಕ ದಾವೆಯೊಂದು ದಾಖಲಾಯಿತು.

ವಾಬ್ಲಿಂಗಿಗೆ ಬಹಳ ಜನ ಮೊದಲು ಮಾಡುವುದು ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿಸುವುದು. ಶಾಕ್ ಅಬ್ಸಾರ್ಬರಿನಂತೆಯೇ ಇರುವ ಇದು ಅದುರಾಟವನ್ನು ಹೀರಿಕೊಳ್ಳುತ್ತದೆ, ಗಾಡಿ ಸುಧಾರಿಸಿದಂತೆಯೂ ಕಾಣುತ್ತದೆ. ಸವೆದ ಬುಷ್ ಮಾತ್ರ ಹಾಗೇ ಉಳಿದಿರುತ್ತದೆ. ಡ್ಯಾಂಪರ್ ದಣಿದ ದಿನ ಅದುರಾಟ ಮೊದಲಿಗಿಂತ ಜೋರಾಗಿ ಮರಳುತ್ತದೆ, ಅಷ್ಟರಲ್ಲಿ ಉಳಿದ ಕೀಲುಗಳೂ ಸವೆದಿರುತ್ತವೆ. ಟೈರ್ ಬ್ಯಾಲೆನ್ಸಿಂಗ್ ವಿಷಯವೂ ಹೀಗೆಯೇ: ಮಾಡಿಸಬೇಕಾದದ್ದು ನಿಜ, ಆದರೆ ಕೀಲುಗಳನ್ನು ನೋಡುವುದಕ್ಕೆ ಅದು ಬದಲಿಯಲ್ಲ. ಲೀಫ್ ಸ್ಪ್ರಿಂಗ್ ಮುಂಭಾಗದ ಪಿಕಪ್‌ಗಳಲ್ಲಿ ಟ್ರ್ಯಾಕ್ ಬಾರಿನ ಕೆಲಸವನ್ನು ಸ್ಪ್ರಿಂಗೇ ಮಾಡುತ್ತದೆ. ಅಲ್ಲಿ ಷ್ಯಾಕಲ್ ಬುಷ್ ಸವೆತ, ಸಡಿಲವಾದ ಯು ಬೋಲ್ಟ್, ತುಂಡಾದ ಸೆಂಟರ್ ಬೋಲ್ಟ್ ಇವೇ ಆಕ್ಸಲ್ಲನ್ನು ಅಲುಗಿಸುವವು. ಗಾಡಿ ಸ್ಟೀರಿಂಗ್ ಎಳೆಯುತ್ತದೆ ಎಂದು ಟೈ ರಾಡ್ ಎಂಡ್‌ಗಳನ್ನೆಲ್ಲ ಬದಲಿಸಿ, ಕೊನೆಗೆ ಸೆಂಟರ್ ಬೋಲ್ಟ್ ತುಂಡಾಗಿದ್ದದ್ದು ಪತ್ತೆಯಾಗುವುದು ಅಪರೂಪವೇನಲ್ಲ.

ಆದ್ದರಿಂದ ಈ ಕೆಲಸದಲ್ಲಿ ಬಿಚ್ಚಿ ಜೋಡಿಸುವ ಕೈಚಳಕಕ್ಕಿಂತ ಪತ್ತೆಹಚ್ಚುವ ತಾಳ್ಮೆ ದೊಡ್ಡದು. ಮೊದಲ ಪರೀಕ್ಷೆಗೆ ಜಾಕ್ ಕೂಡ ಬೇಡ. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಇಟ್ಟು, ಒಬ್ಬರು ಒಳಗೆ ಕುಳಿತು ಸ್ಟೀರಿಂಗನ್ನು ಎಡಬಲಕ್ಕೆ ಸ್ವಲ್ಪ ಸ್ವಲ್ಪವೇ ಆಡಿಸಬೇಕು. ಇನ್ನೊಬ್ಬರು ಗಾಡಿಯ ಕೆಳಗಿದ್ದು ಬಾಕ್ಸಿನಿಂದ ಶುರುಮಾಡಿ ಒಂದೊಂದೇ ಕೀಲಿನ ಮೇಲೆ ಬೆರಳಿಡುತ್ತ ಹೋಗಬೇಕು. ಒಂದು ಬದಿ ಅಲುಗಿ ಅದರ ಆಚೆ ಬದಿ ತಡವಾಗಿ ಅಲುಗಿದರೆ ಪ್ಲೇ ಅಲ್ಲಿಯೇ ಇದೆ. ಬಾಕ್ಸನ್ನು ಚಾಸಿಗೆ ಬಿಗಿದ ಬೋಲ್ಟುಗಳನ್ನೂ ನೋಡಬೇಕು. ಸ್ಟೀರಿಂಗ್ ಆಡಿಸಿದಾಗ ಬಾಕ್ಸೇ ಅಲುಗುತ್ತಿದ್ದರೆ ಮುಂದಿನ ಕೀಲುಗಳ ಪರೀಕ್ಷೆಗೆ ಅರ್ಥವಿರುವುದಿಲ್ಲ.

ಆಮೇಲೆ ಜಾಕ್. ಎತ್ತಿದ ಗಾಲಿಯನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಿಸಿದರೆ ಟೈ ರಾಡ್ ಕಡೆಯ ಸಡಿಲ ತಿಳಿಯುತ್ತದೆ. 12 ಮತ್ತು 6ರಲ್ಲಿ ಹಿಡಿದರೆ ಕಿಂಗ್ ಪಿನ್, ಬಾಲ್ ಜಾಯಿಂಟ್ ಅಥವಾ ಹಬ್ ಬೇರಿಂಗಿನದು. ಕೊನೆಯ ಮೂರರಲ್ಲಿ ಬೇರಿಂಗನ್ನು ಬೇರ್ಪಡಿಸುವ ಸುಲಭ ಉಪಾಯವಿದೆ. ಒಬ್ಬರು ಬ್ರೇಕ್ ಒತ್ತಿ ಹಿಡಿದಾಗ ಹಬ್ಬೂ ಸ್ಟಬ್ ಆಕ್ಸಲ್ಲೂ ಒಂದಾಗಿಬಿಡುತ್ತವೆ. ಆಗ ಅಲುಗಾಟ ನಿಂತರೆ ದೋಷ ಬೇರಿಂಗಿನದು, ನಿಲ್ಲದಿದ್ದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟಿನದು. ಹಬ್ ಬೇರಿಂಗ್ ಬಿಗಿ ಮಾಡಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಕಿಂಗ್ ಪಿನ್ ಸೆಟ್ಟಿನ ದುಡ್ಡು ತೆರುವುದನ್ನು ಈ ಅರ್ಧ ನಿಮಿಷದ ಪರೀಕ್ಷೆ ತಪ್ಪಿಸುತ್ತದೆ.

ಸ್ವತಂತ್ರ ಮುಂಭಾಗದ ಗಾಡಿಗಳಲ್ಲಿ ಜಾಕ್ ಎಲ್ಲಿ ಕೊಡಬೇಕು ಎಂಬುದೂ ಮುಖ್ಯ, ಇದನ್ನು ತಿಳಿದವರೂ ಕೆಲವೊಮ್ಮೆ ಮರೆಯುತ್ತಾರೆ. ಗಾಲಿಯನ್ನು ಚಾಸಿಗೆ ಕೂಡಿಸುವ ಮೇಲಿನ, ಕೆಳಗಿನ ತೋಳುಗಳ ಪೈಕಿ ಕೆಳತೋಳನ್ನು ಸ್ಪ್ರಿಂಗ್ ಅಥವಾ ಟಾರ್ಷನ್ ಬಾರ್ ಒತ್ತುವ ವಿನ್ಯಾಸದಲ್ಲಿ ಚಾಸಿಗೆ ಜಾಕ್ ಕೊಟ್ಟು ಎತ್ತಿದರೆ ಸ್ಪ್ರಿಂಗಿನ ಬಲ ಸವೆದ ಕೀಲನ್ನು ಬಿಗಿಹಿಡಿದಿರುತ್ತದೆ. ಗಾಲಿ ಎಷ್ಟು ಅಲುಗಿಸಿದರೂ ಪ್ಲೇ ಕಾಣಿಸುವುದಿಲ್ಲ. ಜಾಕನ್ನು ಕೆಳತೋಳಿನ ಹೊರತುದಿಗೇ ಕೊಟ್ಟು, ಗಾಲಿಯ ಕೆಳಗೆ ಹಾರೆ ತೂರಿಸಿ ಮೀಟಿ ನೋಡಬೇಕು. ಸ್ಪ್ರಿಂಗ್ ಮೇಲಿನ ತೋಳಿನ ಮೇಲಿದ್ದರೆ ಇದಕ್ಕೆ ಉಲ್ಟಾ, ಚಾಸಿಗೇ ಜಾಕ್. ಎರಡೂ ಕಡೆ ಗಾಡಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡದೆ ಮಲಗಕೂಡದು.

ಬಾಲ್ ಜಾಯಿಂಟ್ ಕಳಚಿದರೆ ಏನಾಗುತ್ತದೆ ಎಂಬುದನ್ನು ಟೊಯೊಟಾದ ಟಕೋಮಾ ಪಿಕಪ್‌ಗಳ ಕಥೆ ಹೇಳುತ್ತದೆ. ಅವುಗಳ ಕೆಳ ಬಾಲ್ ಜಾಯಿಂಟನ್ನು ಕೂರಿಸಿದ್ದ ರೀತಿಯಲ್ಲಿ ಗಾಡಿಯ ಭಾರ ಗುಂಡನ್ನು ಬಟ್ಟಲಿನ ಒಳಕ್ಕೆ ಒತ್ತುವ ಬದಲು ಹೊರಕ್ಕೆ ಎಳೆಯುತ್ತಿತ್ತು. ಒತ್ತಡದ ಕೀಲು ಸವೆದರೆ ಸದ್ದು ಮಾಡುತ್ತದೆ. ಎಳೆತದ ಕೀಲು ಸವೆದರೆ ಒಂದು ದಿನ ಕಿತ್ತುಬರುತ್ತದೆ, ಗಾಲಿ ತೋಳಿನಿಂದ ಕಳಚಿ ಮಡಚಿಕೊಂಡು ಗಾಡಿಯ ಮೂಲೆ ನೆಲಕ್ಕೆ ಕುಕ್ಕರಿಸುತ್ತದೆ. ತಯಾರಿಕೆಯ ವೇಳೆ ಗುಂಡಿನ ಮೇಲ್ಮೈಗೆ ಗೀರು ಬಿದ್ದಿರಬಹುದು, ಅದರಿಂದ ಬೇಗ ಸವೆಯಬಹುದು ಎಂದು 2005ರಲ್ಲಿ ಅಮೆರಿಕದಲ್ಲಿ ಟಕೋಮಾ, ಟಂಡ್ರಾ ಮೊದಲಾದ ಏಳೂವರೆ ಲಕ್ಷಕ್ಕೂ ಹೆಚ್ಚು ವಾಹನಗಳನ್ನು ವಾಪಸು ಕರೆಸಲಾಯಿತು. ಕ್ರೈಸ್ಲರ್ ಸಂಸ್ಥೆ 2013ರ ನವೆಂಬರಿನಲ್ಲಿ ಸುಮಾರು 12 ಲಕ್ಷ ರ್‍ಯಾಮ್ ಟ್ರಕ್ಕುಗಳನ್ನು ಟೈ ರಾಡ್ ತೊಂದರೆಗಾಗಿ ಕರೆಸಿತು. ಅಲ್ಲಿನ ಅಪಾಯ ಸವೆತದ್ದಲ್ಲ: ಜೋಡಿಸುವಾಗ ಟೈ ರಾಡಿನ ಕೋನ ಸರಿಯಿಲ್ಲದಿದ್ದರೆ ಬಾಲ್ ಸ್ಟಡ್ ತನ್ನ ಬಟ್ಟಲಿನ ಅಂಚಿಗೆ ತಾಗಿ ಮುರಿಯಬಹುದೆಂಬುದು. ಗುಂಡಿನ ಕೀಲು ಎಲ್ಲ ಕಡೆಗೂ ತಿರುಗುತ್ತದೆ ನಿಜ, ಆದರೆ ಒಂದು ಮಿತಿಯವರೆಗೆ. ರಿಪೇರಿಯಲ್ಲೂ ಟೈ ರಾಡಿನ ಕ್ಲಾಂಪ್ ಬಿಗಿಯುವ ಮುನ್ನ ಎರಡೂ ತುದಿಯ ಕೀಲುಗಳು ತಮ್ಮ ಚಲನೆಯ ನಡುಮಧ್ಯದಲ್ಲಿವೆಯೇ ಎಂದು ನೋಡಬೇಕಾದದ್ದು ಇದಕ್ಕೇ.

ಕೆಟ್ಟ ಕೀಲು ಗೊತ್ತಾದ ಮೇಲಿನ ಕೆಲಸ ನೇರ, ಆದರೆ ಅಡ್ಡದಾರಿಗಳೂ ಅಲ್ಲಿಯೇ ಹೆಚ್ಚು. ಟೈ ರಾಡ್ ಎಂಡಿನ ಸ್ಟಡ್ ಇಳಿಜಾರು ರಂಧ್ರದಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ. ಸ್ಟಡ್ಡಿನ ತುದಿಗೇ ಹೊಡೆದರೆ ಥ್ರೆಡ್ ಜಜ್ಜಿಹೋಗುತ್ತದೆ. ಪುಲ್ಲರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ರಂಧ್ರವಿರುವ ತೋಳಿನ ಒಂದು ಬದಿಗೆ ದಪ್ಪ ಸುತ್ತಿಗೆ ಆನಿಸಿ ಎದುರು ಬದಿಯಿಂದ ಇನ್ನೊಂದರಲ್ಲಿ ಏಟು ಕೊಟ್ಟರೆ ಕೀಲು ತಾನಾಗಿ ಬಿಡುತ್ತದೆ. ಹಳೆ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ತಿರುಗಿ ಹೊರಬಂತು ಎಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಒಳಬಿಟ್ಟರೆ ಅಲೈನ್‌ಮೆಂಟ್ ಅಂಗಡಿ ತಲುಪುವವರೆಗೆ ಗಾಡಿ ನೆಟ್ಟಗೆ ಓಡುತ್ತದೆ. ಒಂದು ತುದಿಯ ಥ್ರೆಡ್ ಎಡಸುತ್ತಿನದಾಗಿರುವುದುಂಟು. ನಟ್ಟಿನ ಕಂಡಿಗೂ ಸ್ಟಡ್ಡಿನ ರಂಧ್ರಕ್ಕೂ ಸರಿಹೊಂದದೆ ಸ್ಪ್ಲಿಟ್ ಪಿನ್ ಕೂರದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿದು ಸರಿಹೊಂದಿಸಬೇಕು, ಎಂದೂ ಸಡಿಲಿಸಬಾರದು. ಹಳೆ ಸ್ಪ್ಲಿಟ್ ಪಿನ್ನನ್ನು ಮತ್ತೆ ಹಾಕುವುದಾಗಲಿ, ಅದರ ಬದಲು ಮೊಳೆ ಬಗ್ಗಿಸಿ ಸಿಕ್ಕಿಸುವುದಾಗಲಿ ನಿಯಮ 98ರ ಮೂರನೆಯ ಮಾತಿಗೇ ವಿರುದ್ಧ. ಒಂದು ಗಾಡಿಯ ಸ್ಟೀರಿಂಗ್ ಆ ಬೆರಳುದ್ದದ ತಂತಿಯ ಮೇಲೆ ನಿಂತಿರುತ್ತದೆ.

ಕಿಂಗ್ ಪಿನ್ ಕೆಲಸ ಇನ್ನೂ ದೊಡ್ಡದು. ವರ್ಷಗಟ್ಟಲೆ ಗ್ರೀಸ್ ಕಾಣದ ಪಿನ್ನು ಆಕ್ಸಲ್ಲಿಗೆ ಕಚ್ಚಿಕೊಂಡಿರುತ್ತದೆ, ಅದನ್ನು ಹೊರತೆಗೆಯುವುದೇ ಹರಸಾಹಸ. ಹೊಸ ಬುಷ್ ಕೂರಿಸಿದ ಮೇಲೆ ಮೇಲಿನ ಮತ್ತು ಕೆಳಗಿನ ಬುಷ್‌ಗಳೆರಡಕ್ಕೂ ಒಂದೇ ನೇರದಲ್ಲಿ ರೀಮರ್ ಹಾಯಿಸಿ, ಪಿನ್ನು ಅಂಗೈ ಒತ್ತಡಕ್ಕೆ ಇಳಿಯುವಷ್ಟು ಅಳತೆಗೆ ತರಬೇಕು. ಮರಳು ಕಾಗದ ಸುತ್ತಿದ ಕೋಲಿನಿಂದ ಉಜ್ಜಿ ಹಿಗ್ಗಿಸಿದ ಬುಷ್ ದುಂಡಗಿರುವುದಿಲ್ಲ, ಬೇಗನೆ ಮತ್ತೆ ಸಡಿಲವಾಗುತ್ತದೆ. ಥ್ರಸ್ಟ್ ಬೇರಿಂಗ್ ಮೇಲಿನ ಸಂದನ್ನು ಷಿಮ್ ಹಾಕಿ ತುಂಬಬೇಕು. ಗ್ರೀಸ್ ಹೊಡೆಯುವಾಗ ಗಾಲಿ ಎತ್ತಿರಬೇಕು. ಭಾರ ಹೊತ್ತ ಬೇರಿಂಗಿನ ಸಂದಿಗೆ ಗ್ರೀಸ್ ನುಗ್ಗುವುದಿಲ್ಲ.

ಸ್ಟೀರಿಂಗ್ ಬಾಕ್ಸಿನ ಮೇಲಿರುವ ಅಡ್ಜಸ್ಟಿಂಗ್ ಸ್ಕ್ರೂ ದೊಡ್ಡ ಆಮಿಷ. ಅರ್ಧ ಸುತ್ತು ಬಿಗಿದರೆ ಪ್ಲೇ ಮಾಯವಾದಂತೆ ಕಾಣುತ್ತದೆ, ಹೊಸ ಭಾಗದ ಖರ್ಚೂ ಇಲ್ಲ. ಬಾಕ್ಸಿನ ಹಲ್ಲುಗಳು ಹೆಚ್ಚು ಸವೆಯುವುದು ನೇರ ಓಟದ ನಡುಜಾಗದಲ್ಲಿ. ನಡುಜಾಗಕ್ಕೆ ತಕ್ಕಂತೆ ಬಿಗಿದರೆ ಸವೆಯದ ಎರಡು ತುದಿಗಳಲ್ಲಿ ಸ್ಟೀರಿಂಗ್ ಕಚ್ಚತೊಡಗುತ್ತದೆ, ತಿರುವಿನಿಂದ ಹಿಂದಿರುಗುವುದಿಲ್ಲ. ಕೊಂಡಿಗಳೆಲ್ಲ ಸರಿಯಿವೆ ಎಂದು ಖಾತ್ರಿಯಾದ ಮೇಲಷ್ಟೇ ಆ ಸ್ಕ್ರೂ ಮುಟ್ಟಬೇಕು, ಅದೂ ತಯಾರಕರು ಹೇಳಿದ ಅಳತೆಗೆ. ಇನ್ನು ಬಾಗಿದ ಟೈ ರಾಡನ್ನು ಕಾಯಿಸಿ ನೆಟ್ಟಗೆ ಮಾಡುವುದು, ಮುರಿದ ತೋಳಿಗೆ ವೆಲ್ಡಿಂಗ್ ಹಾಕುವುದು ಇವುಗಳಿಗೆ ಯಾವ ಸಮಜಾಯಿಷಿಯೂ ಇಲ್ಲ. ಈ ಉಕ್ಕಿನ ಬಲ ಬಂದಿರುವುದು ಅದನ್ನು ಬಡಿದು, ಹದವಾಗಿ ಕಾಯಿಸಿ ತಣಿಸಿದ ಕ್ರಮದಿಂದ. ವೆಲ್ಡಿಂಗಿನ ಶಾಖ ಆ ಹದವನ್ನೇ ಕೆಡಿಸುತ್ತದೆ.

ಭಾಗಗಳ ಲಭ್ಯತೆಗೆ ಕರ್ನಾಟಕದಲ್ಲಿ ಕೊರತೆಯಿಲ್ಲ. ಸ್ಟೀರಿಂಗ್ ಬಾಕ್ಸ್ ಮತ್ತು ಕೊಂಡಿಗಳಿಗೆ ಹೆಸರಾದ ರಾಣೆ (ಮದ್ರಾಸ್) ಸಂಸ್ಥೆಯ ಒಂದು ಕಾರ್ಖಾನೆ ಮೈಸೂರಿನಲ್ಲೇ ಇದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಹಳೆಯ ಮಾದರಿಗಳ ಕಿಂಗ್ ಪಿನ್ ಸೆಟ್ ಕೂಡ ಸಿಗುತ್ತದೆ. ಹೆಸರಾಂತ ಕಂಪನಿಯ ಡಬ್ಬಿಯಲ್ಲಿ ನಕಲಿ ಮಾಲು ಬರುವ ಅಪಾಯವಿರುವುದರಿಂದ ಬಿಲ್ಲು ಪಡೆದು ಕೊಳ್ಳುವುದು ಕ್ಷೇಮ. ಬೂಟಿನ ರಬ್ಬರ್ ಮೆದುವಾಗಿರಬೇಕು. ಹೊಸ ಬಾಲ್ ಜಾಯಿಂಟನ್ನು ಕೈಯಲ್ಲಿ ಹಿಡಿದು ಸ್ಟಡ್ ತಿರುಗಿಸಿದರೆ ಎಲ್ಲ ದಿಕ್ಕಿಗೂ ಒಂದೇ ಸಮನಾದ ಬಿಗಿ ಇರಬೇಕು. ಸಲೀಸಾಗಿ ಓಲಾಡುವ ಹೊಸ ಕೀಲು ಆಗಲೇ ಹಳೆಯದು.

ಕೊನೆಯದು ಅಲೈನ್‌ಮೆಂಟ್, ಇದು ಕೊನೆಯದಾಗಿಯೇ ಆಗಬೇಕಾದದ್ದು. ಎರಡು ಮುಂಟೈರುಗಳ ಮುಂಬದಿಯ ಅಂತರಕ್ಕೂ ಹಿಂಬದಿಯ ಅಂತರಕ್ಕೂ ಇರುವ ವ್ಯತ್ಯಾಸ, ಅಂದರೆ ಟೋ, ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ಇರಬೇಕು. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, ಟೈ ರಾಡ್ ಎಂಡಿನ 1 ಮಿಲಿಮೀಟರ್ ಪ್ಲೇ 70 ಸೆಂಟಿಮೀಟರ್ ವ್ಯಾಸದ ಟೈರಿನ ಟೋವನ್ನು ನಾಲ್ಕೂವರೆ ಮಿಲಿಮೀಟರಿನಷ್ಟು ಆಚೀಚೆ ಮಾಡಬಲ್ಲದು. ಸಡಿಲ ಕೀಲಿನ ಗಾಡಿಗೆ ಅಲೈನ್‌ಮೆಂಟ್ ಮಾಡಿಸಿದರೆ ಯಂತ್ರ ತೋರಿಸಿದ ಅಂಕಿ ಅಂಗಡಿಯಿಂದ ಹೊರಬಂದ ಮೊದಲ ಗುಂಡಿಯಲ್ಲೇ ಬದಲಾಗಿರುತ್ತದೆ. ಒಳ್ಳೆಯ ಅಂಗಡಿಯವರು ಗಾಲಿ ಅಲುಗಿಸಿ ನೋಡದೆ ಯಂತ್ರಕ್ಕೆ ಹತ್ತಿಸುವುದಿಲ್ಲ, ಪ್ಲೇ ಇದ್ದರೆ ಗಿರಾಕಿಯನ್ನು ವಾಪಸು ಕಳಿಸುತ್ತಾರೆ. ಸದಾ ಹೊರೆಯೊಡನೆಯೇ ಓಡುವ ಪಿಕಪ್ಪಾದರೆ ಆ ವಿಷಯವನ್ನು ಅವರಿಗೆ ಹೇಳಿ, ತಯಾರಕರ ಕೈಪಿಡಿಯಲ್ಲಿ ಹೊರೆಯ ಸ್ಥಿತಿಗೆ ಬೇರೆ ಅಳತೆ ಇದೆಯೇ ಎಂದು ನೋಡಿಸಬೇಕು. ಹೊಸ ಭಾಗ ಹಾಕಿದ ಗಾಡಿಯ ಯು ಬೋಲ್ಟ್, ಲಾಕ್ ನಟ್, ಟೈ ರಾಡ್ ಕ್ಲಾಂಪುಗಳನ್ನು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿದು ನೋಡುವುದೂ ಇದೇ ರಿಪೇರಿಯ ಭಾಗ.